ಟೈಟಾನಿಯಂ ಜಾಬ್ ಬಂದಿದೆ: ಯಾವ ಎಣ್ಣೆ, ಎಂಥ ಧಾರೆ?

ಪೀಣ್ಯದಲ್ಲೋ ಬೆಳಗಾವಿಯಲ್ಲೋ ನಾಲ್ಕಾರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳನ್ನು ಇಟ್ಟುಕೊಂಡು ಅಲ್ಯೂಮಿನಿಯಂ, ಮೈಲ್ಡ್ ಸ್ಟೀಲ್ ಜಾಬ್‌ಗಳನ್ನು (ಕತ್ತರಿಸಿ ರೂಪ ಕೊಡಬೇಕಾದ ಲೋಹದ ತುಂಡುಗಳನ್ನು) ಮಾಡುತ್ತಿದ್ದವರಿಗೆ ವಿಮಾನದ ಬಿಡಿಭಾಗಗಳ ಆರ್ಡರ್ ಸಿಗುತ್ತದೆ. ಲೋಹ ಟೈಟಾನಿಯಂ, ಇಲ್ಲವೇ ಇನ್ಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹ. ಮೊದಲ ವಾರದಲ್ಲೇ ಇನ್ಸರ್ಟ್‌ಗಳ (ಟೂಲ್‌ನ ತುದಿಗೆ ಸಿಕ್ಕಿಸಿ, ಸವೆದಾಗ ಬದಲಿಸುವ ಕತ್ತರಿಸುವ ಬಿಲ್ಲೆಗಳ) ಖರ್ಚು ಕಣ್ಣಿಗೆ ಹೊಡೆಯುತ್ತದೆ. ಒಬ್ಬರು ಬಂದು ಕೂಲಂಟ್ (ಕತ್ತರಿಸುವಾಗ ಬಿಡುವ ತಂಪು ದ್ರವ) ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು 70 ಬಾರ್ (ವಾತಾವರಣದ ಒತ್ತಡದ ಸುಮಾರು 70 ಪಟ್ಟು) ಪಂಪ್ ಹಾಕಿಸಿ ಎನ್ನುತ್ತಾರೆ, ಮತ್ತೊಬ್ಬರು ಸಸ್ಯಜನ್ಯ ಎಣ್ಣೆಯ ಮಂಜು ಸಾಕು, ನೀರೇ ಬೇಡ ಎನ್ನುತ್ತಾರೆ. ಎಲ್ಲಿಯಾದರೂ ಪ್ರದರ್ಶನಕ್ಕೆ ಹೋದರೆ ದ್ರವ ಸಾರಜನಕದ ಹೊಗೆಯಾಡುವ ಯಂತ್ರವನ್ನೂ ನೋಡಿ ಬರುತ್ತೀರಿ. ಯಾವುದಕ್ಕೆ ದುಡ್ಡು ಹಾಕಬೇಕು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದ್ರವ ಎಂಬ ಚರ್ಚೆಗೆ ನಮ್ಮ ಕಾರ್ಖಾನೆಗಳಲ್ಲಿ ಸಿಗುವ ಸಮಯದ ಕಾಲುಭಾಗವೂ ಅದು ಟೂಲ್‌ನ ಅಂಚಿಗೆ ತಲುಪುತ್ತಿದೆಯೇ ಎಂಬ ಪ್ರಶ್ನೆಗೆ ಸಿಗುವುದಿಲ್ಲ. ಹೆಚ್ಚಿನ ಕಡೆ ಮೊದಲು ಸರಿಪಡಿಸಬೇಕಾದದ್ದು ಧಾರೆ. ಎಣ್ಣೆಯ ಆಯ್ಕೆ ಆಮೇಲಿನದು. ಇದಕ್ಕೆ ಅಪವಾದಗಳಿವೆ, ಅವೂ ಮುಂದೆ ಬರುತ್ತವೆ. (ನೀರಿನ ಧಾರೆಯಿಂದಲೇ ಲೋಹ ಕತ್ತರಿಸುವ ಯಂತ್ರ ಬೇರೆ ವಿಷಯ. ಅಲ್ಲಿನ ಒತ್ತಡ ಸಾವಿರಾರು ಬಾರ್‌ನಲ್ಲಿರುತ್ತದೆ. ಅದರ ಮಾತು ಇಲ್ಲಿಲ್ಲ.)

ಅಳೆಯುವ ಕೋಲು

ಲೋಹ ಕತ್ತರಿಸುವಾಗ ದ್ರವಕ್ಕೆ ಮೂರು ಕೆಲಸ: ಶಾಖ ಹೊತ್ತೊಯ್ಯುವುದು, ಘರ್ಷಣೆ ಇಳಿಸುವುದು, ಚಿಪ್ಸ್ (ಕತ್ತರಿಸಿ ಬಂದ ಲೋಹದ ಸಿಪ್ಪೆ) ಹೊರಗೆ ತಳ್ಳುವುದು. ಶಾಖ ಒಯ್ಯುವುದರಲ್ಲಿ ನೀರಿಗೆ ಸಾಟಿಯಿಲ್ಲ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು 4.18 ಕಿಲೋಜೂಲ್ ಬೇಕು, ಎಣ್ಣೆಗೆ ಅದರ ಅರ್ಧ ಸಾಕು. ಜಾರುವಿಕೆಯಲ್ಲಿ ಎಣ್ಣೆ ಮುಂದು. ಚಿಪ್ಸ್ ತಳ್ಳುವುದಕ್ಕೆ ದ್ರವದ ಜಾತಿ ಮುಖ್ಯವಲ್ಲ, ವೇಗ ಮುಖ್ಯ. ಹಾಗಾಗಿ ನಿಮ್ಮ ಜಾಬ್‌ನಲ್ಲಿ ಈ ಮೂರರಲ್ಲಿ ಯಾವುದು ಕೈಕೊಡುತ್ತಿದೆ ಎಂದು ತಿಳಿಯುವುದೇ ಮೊದಲ ಅಳತೆ. ಸ್ಪಿಂಡಲ್ ವೇಗವಾಗಿ ತಿರುಗುವ ಟರ್ನಿಂಗ್ (ಜಾಬ್ ತಿರುಗಿಸಿ ಕತ್ತರಿಸುವುದು), ಮಿಲ್ಲಿಂಗ್‌ನಲ್ಲಿ (ಟೂಲ್ ತಿರುಗಿಸಿ ಕತ್ತರಿಸುವುದು) ಸಮಸ್ಯೆ ಸಾಮಾನ್ಯವಾಗಿ ಶಾಖದ್ದು. ನಿಧಾನವಾಗಿ ನಡೆಯುವ ಟ್ಯಾಪಿಂಗ್ (ರಂಧ್ರದೊಳಗೆ ತಿರುಪಿನ ಎಳೆ ಕೊರೆಯುವುದು), ಬ್ರೋಚಿಂಗ್‌ನಲ್ಲಿ (ಹಲ್ಲುಳ್ಳ ಟೂಲನ್ನು ಎಳೆದು ಕತ್ತರಿಸುವುದು) ಘರ್ಷಣೆಯದ್ದು. ಆಳದ ಡ್ರಿಲ್ಲಿಂಗ್‌ನಲ್ಲಿ ಚಿಪ್ಸ್‌ನದ್ದು.

ಎರಡನೆಯ ಅಳತೆ ಲೋಹ. ಸಾಧಾರಣ ಕಾರ್ಬನ್ ಸ್ಟೀಲ್‌ನ ಉಷ್ಣವಾಹಕತೆ ಮೀಟರ್‌ಗೆ, ಕೆಲ್ವಿನ್‌ಗೆ ಸುಮಾರು 50 ವಾಟ್. ಇನ್ಕೊನೆಲ್ 718ರದ್ದು 11ರ ಆಸುಪಾಸು. ವಿಮಾನಗಳಲ್ಲಿ ಹೆಚ್ಚು ಬಳಸುವ, ಶೇ 6 ಅಲ್ಯೂಮಿನಿಯಂ ಮತ್ತು ಶೇ 4 ವೆನೇಡಿಯಂ ಬೆರೆಸಿದ ಟೈಟಾನಿಯಂನದ್ದು ಕೇವಲ 7. ಸ್ಟೀಲ್‌ನಲ್ಲಿ ಹುಟ್ಟಿದ ಶಾಖದ ಬಹುಪಾಲು ಚಿಪ್ಸ್ ಜೊತೆ ಹೊರಟುಹೋಗುತ್ತದೆ. ಟೈಟಾನಿಯಂನಲ್ಲಿ ಅದು ಹೋಗಲು ದಾರಿ ಕಾಣದೆ ಟೂಲ್‌ನ ಅಂಚಿಗೇ ನುಗ್ಗುತ್ತದೆ. ಸಾಲದೆಂಬಂತೆ ಬಿಸಿಯಾದ ಟೈಟಾನಿಯಂ, ಟೂಲ್ ಮಾಡಿದ ಗಟ್ಟಿ ವಸ್ತುವಾದ ಕಾರ್ಬೈಡ್‌ಗೆ ಅಂಟಿಕೊಳ್ಳುತ್ತದೆ ಕೂಡ. ಕಾರ್ಬೈಡ್ ಟೂಲ್‌ನಲ್ಲಿ ನಿಮಿಷಕ್ಕೆ 60 ಮೀಟರ್ ಕತ್ತರಿಸುವ ವೇಗ ದಾಟಲು ಸೆಟರ್‌ಗಳು (ಯಂತ್ರ ಹೊಂದಿಸುವವರು) ಹೆದರುವುದಕ್ಕೆ ಇದೇ ಕಾರಣ.

ಮೂರನೆಯದು, ಎಷ್ಟೋ ಮಂದಿ ಕೊನೆಗೆ ನೋಡುವ, ಆದರೆ ಮೊದಲೇ ನೋಡಬೇಕಾದ ಅಳತೆ: ಗ್ರಾಹಕ ಕಂಪನಿಯ ಅನುಮೋದಿತ ದ್ರವಗಳ ಪಟ್ಟಿ. ಟೈಟಾನಿಯಂ ಮೇಲೆ ಕ್ಲೋರಿನ್ ಉಳಿದರೆ ಮುಂದೆ ಬಿಸಿಯಲ್ಲಿ, ಒತ್ತಡದಲ್ಲಿ ಬಿರುಕು ಬಿಡುವ ಭಯವಿದೆ. ನಿಕ್ಕಲ್ ಮಿಶ್ರಲೋಹಗಳ ಮೇಲೆ ಗಂಧಕ ಉಳಿಯುವುದೂ ಒಳ್ಳೆಯದಲ್ಲ. ಪಟ್ಟಿಯಲ್ಲಿ ಇಲ್ಲದ ಎಣ್ಣೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಆ ಜಾಬ್ ತಿರಸ್ಕೃತವಾಗಬಹುದು. ಆದ್ದರಿಂದ ಎಣ್ಣೆ ಮಾರುವವರ ಜೊತೆ ಮಾತಿಗೆ ಕೂರುವ ಮೊದಲು ಆ ಪಟ್ಟಿ ತರಿಸಿಕೊಳ್ಳಿ.

ಉಳಿದ ಅಳತೆಗಳೆಂದರೆ ಯಂತ್ರಕ್ಕೆ ಮುಚ್ಚಿದ ಕವಚ ಇದೆಯೇ, ಸ್ಪಿಂಡಲ್ ಮೂಲಕ ದ್ರವ ಹಾಯಿಸಲು ರಂಧ್ರ ಇದೆಯೇ, ಕೆಲಸಗಾರರು ಉಸಿರಾಡುವ ಗಾಳಿ ಹೇಗಿದೆ, ಹಳಸಿದ ದ್ರವವನ್ನು ಎಲ್ಲಿಗೆ ಕಳಿಸುತ್ತೀರಿ. ಬಳಸಿದ ಕಟಿಂಗ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಚರಂಡಿಗೆ ಬಿಡುವಂತಿಲ್ಲ, ಪರವಾನಗಿ ಪಡೆದವರಿಗೇ ಕೊಡಬೇಕು. ಅದರ ಖರ್ಚನ್ನು ಎಣ್ಣೆಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ.

ಈಗ ಇರುವ ಕೂಲಂಟನ್ನೇ ಸರಿಮಾಡಿಕೊಳ್ಳುವುದು

ನೀರಿಗೆ ಸಾಲ್ಯುಬಲ್ ಆಯಿಲ್ ಬೆರೆಸಿ ಧಾರಾಳವಾಗಿ ಸುರಿಯುವ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕಬೇಡಿ. ನಿಮಿಷಕ್ಕೆ 10 ಲೀಟರ್ ಹರಿಯುವ ನೀರು 5 ಡಿಗ್ರಿ ಮಾತ್ರ ಬಿಸಿಯೇರಿದರೂ ಸುಮಾರು 3.5 ಕಿಲೋವಾಟ್ ಶಾಖ ಒಯ್ದಿರುತ್ತದೆ. ಸಣ್ಣ ಯಂತ್ರದ ಕತ್ತರಿಕೆಯ ಶಕ್ತಿಗೆ ಅಷ್ಟು ಸಾಕು.

ತೊಂದರೆ ಇರುವುದು ನೀರು ಬೀಳುವ ಜಾಗದಲ್ಲಿ. ಫ್ರೆಡರಿಕ್ ಟೇಲರ್ 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಲೋಹ ಕತ್ತರಿಸುವ ಕಲೆಯ ಬಗ್ಗೆ ಮಂಡಿಸಿದ ಪ್ರಬಂಧದಲ್ಲೇ ಇದು ಸ್ಪಷ್ಟವಾಗಿದೆ. ಚಿಪ್ ಲೋಹದಿಂದ ಬೇರ್ಪಡುವ ಜಾಗಕ್ಕೇ ದಪ್ಪ ಧಾರೆ ಬಿಟ್ಟಾಗ ಕತ್ತರಿಸುವ ವೇಗವನ್ನು ಶೇ 30ರಿಂದ 40ರಷ್ಟು ಏರಿಸಬಹುದು ಎಂದು ಅವರು ಕಂಡುಕೊಂಡಿದ್ದರು. ನಮ್ಮಲ್ಲಿ ನಾಝಲ್ ಎಲ್ಲಿಗೆ ಮುಖ ಮಾಡಿರುತ್ತದೆ? ಹಿಂದಿನ ಶಿಫ್ಟ್‌ನವರು ಬೇರೆ ಉದ್ದದ ಟೂಲ್‌ಗೆ ತಿರುಗಿಸಿ ಹೋದ ಕಡೆಗೆ. ಟೂಲ್ ಬದಲಾದಾಗಲೆಲ್ಲ ನಾಝಲ್ ತಿರುಗಿಸುವ ಶಿಸ್ತು ಬಂದರೆ ಒಂದು ರೂಪಾಯಿ ಖರ್ಚಿಲ್ಲದೆ ಇನ್ಸರ್ಟ್ ಬಾಳಿಕೆ ಹೆಚ್ಚುತ್ತದೆ.

ಇನ್ನೊಂದು ಗಮನಿಸಬೇಕಾದದ್ದು ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಕೂಲಂಟ್‌ನ ಶತ್ರು. ಕ್ಯಾಲ್ಸಿಯಂ ಸೇರಿ ಸಾಬೂನಿನಂಥ ಜಿಡ್ಡು ಕಟ್ಟುತ್ತದೆ, ಎಣ್ಣೆ ಬೇರ್ಪಡುತ್ತದೆ. ಇಷ್ಟೇ ಅಲ್ಲ, ಪ್ರತಿದಿನ ಆವಿಯಾಗುವುದು ಬರೀ ನೀರು, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಮತ್ತೆ ಗಡಸು ನೀರನ್ನೇ ತುಂಬಿಸುತ್ತಾ ಹೋದರೆ ತಿಂಗಳೊಳಗೆ ಟ್ಯಾಂಕ್ ಉಪ್ಪಿನ ತೊಟ್ಟಿಯಾಗುತ್ತದೆ. ಆರ್‌ಓ ನೀರು ಬೆರೆಸಿ. ಪೂರ್ತಿ ಆರ್‌ಓ ನೀರೇ ಆದರೆ ನೊರೆ ಏಳಬಹುದು, ಅದಕ್ಕಾಗಿ ಸ್ವಲ್ಪ ಸಾಮಾನ್ಯ ನೀರು ಇರಲಿ. ನೀರಿನಲ್ಲಿ ಎಣ್ಣೆ ಎಷ್ಟಿದೆ ಎಂಬ ಸಾಂದ್ರತೆಯನ್ನು ಕಣ್ಣಂದಾಜಿನಲ್ಲಿ ನೋಡದೆ ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. ಪಿಎಚ್ 8.5ಕ್ಕಿಂತ ಕೆಳಗಿಳಿಯುತ್ತಿದ್ದರೆ ಬ್ಯಾಕ್ಟೀರಿಯಾ ಮನೆ ಮಾಡಿದೆ ಎಂದರ್ಥ. ಸೋಮವಾರ ಬೆಳಿಗ್ಗೆ ಯಂತ್ರದ ಬಾಗಿಲು ತೆರೆದಾಗ ಬರುವ ನಾತವೇ ಅದನ್ನು ಹೇಳುತ್ತದೆ.

ಯಾರಿಗೆ ಇದು ಸಾಕು? ಅಲ್ಯೂಮಿನಿಯಂ, ಸ್ಟೀಲ್ ಜಾಬ್ ಹೆಚ್ಚಿರುವವರಿಗೆ, ಟೈಟಾನಿಯಂ ಆಗಾಗ ಮಾತ್ರ ಬರುವವರಿಗೆ. ಸಾಲ ಮಾಡಿ ಹೊಸದೇನನ್ನೂ ಕೊಳ್ಳಬೇಕಿಲ್ಲ.

ಅಧಿಕ ಒತ್ತಡದ ಧಾರೆ

ಸುರಿಯುವ ನೀರಿಗೆ ಒಂದು ಮಿತಿಯಿದೆ. ಟೂಲ್‌ನ ಅಂಚು ನೂರಾರು ಡಿಗ್ರಿ ಏರಿದಾಗ ಅದಕ್ಕೆ ತಾಗಿದ ನೀರು ಆವಿಯ ಪೊರೆಯಾಗಿ ನಿಂತು, ಹಿಂದಿನಿಂದ ಬರುವ ನೀರನ್ನು ತಡೆಯುತ್ತದೆ. ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ ಚಿಮುಕಿಸಿದ ನೀರು ಆರದೆ ಗುಂಡುಗುಂಡಾಗಿ ಓಡಾಡುವುದು ಇದೇ ಕಾರಣಕ್ಕೆ. ಆ ಪೊರೆಯನ್ನು ಒಡೆಯಲು ವೇಗ ಬೇಕು. 1952ರಲ್ಲಿಯೇ ಪಿಗಟ್ ಮತ್ತು ಕೋಲ್ವೆಲ್ ಎಂಬ ಅಮೆರಿಕದ ಎಂಜಿನಿಯರುಗಳು ಎಣ್ಣೆಯ ಸಣ್ಣ, ವೇಗದ ಧಾರೆಯನ್ನು ಟೂಲ್ ಮತ್ತು ಜಾಬ್ ನಡುವಿನ ಸಂದಿಗೆ ಹೊಡೆದು ಟೂಲ್ ಬಾಳಿಕೆ ಹಲವು ಪಟ್ಟು ಏರುವುದನ್ನು ತೋರಿಸಿದ್ದರು. ಅದು ಕಾರ್ಖಾನೆಯ ಮಾಮೂಲಿ ಸಲಕರಣೆಯಾಗಲು ದಶಕಗಳೇ ಹಿಡಿದವು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಮಾರಾಟಗಾರರ ಮಾತು ಎಲ್ಲಿ ನಿಜ, ಎಲ್ಲಿ ಉಬ್ಬಿಸಿದ್ದು ಎಂದು ತಿಳಿಯುತ್ತದೆ. ಧಾರೆಯ ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 5 ಬಾರ್‌ನಲ್ಲಿ ನೀರು ನಾಝಲ್‌ನಿಂದ ಸೆಕೆಂಡಿಗೆ ಸುಮಾರು 32 ಮೀಟರ್ ವೇಗದಲ್ಲಿ ಹೊರಬರಬಲ್ಲದು, 20 ಬಾರ್‌ನಲ್ಲಿ 63, 70 ಬಾರ್‌ನಲ್ಲಿ 118. ಅಂದರೆ ಒತ್ತಡ 14 ಪಟ್ಟು ಏರಿದರೂ ವೇಗ ನಾಲ್ಕು ಪಟ್ಟೂ ಆಗುವುದಿಲ್ಲ. ಅದೇ ಗಾತ್ರದ ರಂಧ್ರ ಉಳಿಸಿಕೊಂಡರೆ ಪಂಪ್‌ಗೆ ಬೇಕಾಗುವ ಶಕ್ತಿ ಮಾತ್ರ ಐವತ್ತು ಪಟ್ಟು. ಆದ್ದರಿಂದ ರಂಧ್ರ ಚಿಕ್ಕದಾಗಬೇಕು, ಅಂಚಿಗೆ ಹತ್ತಿರ ಬರಬೇಕು. ಟೂಲ್ ಹೋಲ್ಡರಿನೊಳಗೇ ರಂಧ್ರ ಕೊರೆದು ಇನ್ಸರ್ಟ್‌ನ ನೆತ್ತಿಯ ಬಳಿ ಧಾರೆ ಬಿಡುವ ಹೋಲ್ಡರುಗಳು ಬಂದಿರುವುದು ಇದಕ್ಕಾಗಿಯೇ. 1 ಮಿಲಿಮೀಟರ್‌ನ ಮೂರು ರಂಧ್ರಗಳಿಗೆ 70 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು 12 ಲೀಟರ್ ಸಾಕು. ಎರಡು ಮೂರು ಕಿಲೋವಾಟ್ ಮೋಟರ್ ಅದನ್ನು ನಿಭಾಯಿಸುತ್ತದೆ. ಹಳೆಯ ಪಂಪ್‌ನಲ್ಲಿಯೇ 15–20 ಬಾರ್ ಬರುವುದಾದರೆ ಮೊದಲು ಒಳ್ಳೆಯ ಹೋಲ್ಡರ್ ಒಂದನ್ನು ಮಾತ್ರ ಕೊಂಡು ನೋಡಿ. ಅರ್ಧ ಲಾಭ ಅಲ್ಲೇ ಸಿಕ್ಕರೆ ಆಶ್ಚರ್ಯವಿಲ್ಲ.

ಇದರ ದೊಡ್ಡ ಗುಣ ಚಿಪ್ಸ್ ಒಡೆಯುವುದು. ಟೈಟಾನಿಯಂ, ಇನ್ಕೊನೆಲ್‌ಗಳ ಉದ್ದುದ್ದ ಚಿಪ್ಸ್ ಜಾಬ್‌ಗೆ ಸುತ್ತಿಕೊಂಡು ಆಪರೇಟರ್ ಪ್ರತಿ ಬಾರಿ ಬಾಗಿಲು ತೆಗೆದು ಕೊಕ್ಕೆಯಿಂದ ಎಳೆಯಬೇಕಾದ ಕಡೆ, ಒತ್ತಡದ ಧಾರೆ ಅವನ್ನು ಮುರಿದು ತಳ್ಳುತ್ತದೆ. ಆಳದ ಡ್ರಿಲ್ಲಿಂಗ್‌ಗಂತೂ ಇದಕ್ಕೆ ಬದಲಿ ಇಲ್ಲ.

ಬೆಲೆ ತೆರಬೇಕಾದದ್ದು ಫಿಲ್ಟರ್‌ನಲ್ಲಿ. ಸಣ್ಣ ರಂಧ್ರಕ್ಕೆ ಕಸ ಸಿಕ್ಕಿದರೆ ಧಾರೆ ನಿಂತು ಇನ್ಸರ್ಟ್ ಆ ಕ್ಷಣವೇ ಹೋಗುತ್ತದೆ. ಪಂಪ್‌ನ ಬೆಲೆ ಮಾತ್ರ ಕೇಳಿ ಫಿಲ್ಟರ್, ಮಂಜು ಹೀರುವ ಯಂತ್ರ, ಕೂಲಂಟ್ ತಂಪು ಮಾಡುವ ಘಟಕ ಕೇಳದೆ ಬಂದರೆ ಅಂದಾಜು ತಲೆಕೆಳಗಾಗುತ್ತದೆ. ತೆಳು ಗೋಡೆಯ ಜಾಬ್‌ಗಳನ್ನು ಧಾರೆಯೇ ಬಾಗಿಸಬಹುದು ಎಂಬುದೂ ನೆನಪಿರಲಿ.

ನೀರಿಲ್ಲದ ಎಣ್ಣೆ

ಟ್ಯಾಪಿಂಗ್, ಬ್ರೋಚಿಂಗ್, ಗೇರ್ ಕತ್ತರಿಸುವುದು, ಸ್ವಿಸ್ ಮಾದರಿಯ ಲೇತ್‌ನಲ್ಲಿ ಸಣ್ಣ ಭಾಗಗಳು: ಇಲ್ಲಿ ನನ್ನ ಮೇಲಿನ ವಾದ ಸೋಲುತ್ತದೆ. ವೇಗ ಕಡಿಮೆ, ಒತ್ತುವಿಕೆ ಹೆಚ್ಚು. ಇಂಥ ಕಡೆ ಧಾರೆಯ ಜಾಣ್ಮೆಗಿಂತ ಎಣ್ಣೆಯ ಗುಣವೇ ಮೇಲು. ಶುದ್ಧ ಎಣ್ಣೆ ವರ್ಷಗಟ್ಟಲೆ ಹಳಸದೆ ನಿಲ್ಲುತ್ತದೆ, ತುಕ್ಕಿನ ಭಯವಿಲ್ಲ. ಆದರೆ ಹೊಗೆ, ಬೆಂಕಿ, ಜಾರುವ ನೆಲ ಮೂರೂ ಬರುತ್ತವೆ. ಅಧಿಕ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವುದಾದರೆ ಬೆಂಕಿ ನಂದಿಸುವ ವ್ಯವಸ್ಥೆ ಯಂತ್ರದೊಳಗೇ ಇರಬೇಕು, ವಿಶೇಷವಾಗಿ ಟೈಟಾನಿಯಂನ ಸಣ್ಣ ಚಿಪ್ಸ್ ಹೊತ್ತಿಕೊಳ್ಳುವ ಸ್ವಭಾವದ್ದಾದ್ದರಿಂದ. ಅಗ್ಗದ ಎಣ್ಣೆಗಳಲ್ಲಿ ಕ್ಲೋರಿನೇಟೆಡ್ ಪ್ಯಾರಾಫಿನ್ ಇರುತ್ತದೆಯೇ ಎಂದು ಕೇಳಿ. ಅದರ ಕಿರು ಸರಪಳಿಯ ವರ್ಗವನ್ನು 2017ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿರ್ಬಂಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಗಿದೆ. ಟೈಟಾನಿಯಂಗಂತೂ ಕ್ಲೋರಿನ್ ಬೇಡ.

ಸಸ್ಯಜನ್ಯ ಎಣ್ಣೆಯ ಮಂಜು

ಎಲ್ಲರ ಮನಸ್ಸು ಸೆಳೆಯುವ ಆಯ್ಕೆ ಇದು. ಗಂಟೆಗೆ 50 ಮಿಲಿಲೀಟರ್‌ನಷ್ಟು ಎಣ್ಣೆಯನ್ನು ಗಾಳಿಯಲ್ಲಿ ಬೆರೆಸಿ ಅಂಚಿಗೆ ಊದುತ್ತಾರೆ. ಟ್ಯಾಂಕ್ ಇಲ್ಲ, ನಾತವಿಲ್ಲ, ಒಣ ಚಿಪ್ಸ್‌ಗೆ ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆ. ಕ್ಲೋಕೆ ಮತ್ತು ಐಸೆನ್‌ಬ್ಲೆಟರ್ 1997ರಲ್ಲಿ ಒಣ ಕತ್ತರಿಕೆಯ ಬಗ್ಗೆ ಬರೆದಾಗ ಮುಂದಿಟ್ಟ ಜರ್ಮನಿಯ ವಾಹನ ಉದ್ಯಮದ ಅಂಕಿ ಪ್ರಸಿದ್ಧವಾಗಿದೆ: ಕೂಲಂಟ್‌ಗೆ ಸಂಬಂಧಿಸಿದ ಖರ್ಚು ಒಟ್ಟು ತಯಾರಿಕಾ ವೆಚ್ಚದ ಶೇ 7ರಿಂದ 17, ಟೂಲ್‌ನದ್ದು ಶೇ 2ರಿಂದ 4. ಈ ಅಂಕಿಯನ್ನು ತೋರಿಸಿ ಯಾರಾದರೂ ಮಂಜಿನ ಘಟಕ ಮಾರಲು ಬಂದರೆ, ಅದು ಕೇಂದ್ರೀಯ ಶೋಧನಾ ವ್ಯವಸ್ಥೆ ಇದ್ದ ಭಾರೀ ಕಾರ್ಖಾನೆಗಳ ಲೆಕ್ಕ, ಮೂರು ಯಂತ್ರಗಳ ಶೆಡ್‌ನದ್ದಲ್ಲ ಎಂದು ಹೇಳಿ. ಟೈಟಾನಿಯಂ ಕತ್ತರಿಸುವವರಿಗೆ ಟೂಲ್ ಖರ್ಚಿನ ಪಾಲೂ ಅಷ್ಟು ಸಣ್ಣದಾಗಿರುವುದಿಲ್ಲ.

ಮಂಜಿನ ಮಿತಿ ತಿಳಿಯಲು ಒಂದು ಲೆಕ್ಕ ಸಾಕು. 50 ಮಿಲಿಲೀಟರ್ ಎಣ್ಣೆ 100 ಡಿಗ್ರಿ ಬಿಸಿಯೇರಿದರೆ ಹೀರುವ ಶಾಖ ಸುಮಾರು 9 ಕಿಲೋಜೂಲ್. ಅದು ಇಡೀ ಒಂದು ಗಂಟೆಯಲ್ಲಿ, ಅಂದರೆ ಎರಡೂವರೆ ವಾಟ್. ಜೊತೆಗೆ ಬರುವ ಗಾಳಿ ಇನ್ನಷ್ಟು ಒಯ್ಯುತ್ತದೆ ಎಂದಿಟ್ಟುಕೊಂಡರೂ ಕಿಲೋವಾಟ್‌ಗಳ ಮುಂದೆ ಅದು ಲೆಕ್ಕಕ್ಕಿಲ್ಲ. ಮಂಜು ತಂಪು ಮಾಡುವುದಿಲ್ಲ, ಘರ್ಷಣೆ ಇಳಿಸಿ ಶಾಖ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಅಂಟುವ ಸ್ವಭಾವದ ಅಲ್ಯೂಮಿನಿಯಂಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ. ಟೈಟಾನಿಯಂನ ಭಾರೀ ರಫಿಂಗ್‌ಗೆ (ಮೊದಲ ಒರಟು ಕತ್ತರಿಕೆಗೆ) ಅದೊಂದನ್ನೇ ನಂಬಬೇಡಿ. ಹಗುರವಾದ ಫಿನಿಶಿಂಗ್ (ಕೊನೆಯ ನಯ ಕತ್ತರಿಕೆ) ಆದರೆ ಪ್ರಯತ್ನಿಸಬಹುದು.

ಇನ್ನು ನಮ್ಮ ಎಣ್ಣೆಗಳ ಮಾತು. ಸಸ್ಯಜನ್ಯ ಎಣ್ಣೆಯ ಅಣುವಿಗೆ ಲೋಹವನ್ನು ಹಿಡಿದುಕೊಳ್ಳುವ ತುದಿಯಿದೆ, ಖನಿಜ ಎಣ್ಣೆಗೆ ಅದಿಲ್ಲ. ಆದ್ದರಿಂದ ತೆಳು ಪದರವಾದರೂ ಅದು ಜಾರುತ್ತದೆ. ಆಂಟನಿ ಕ್ಸೇವಿಯರ್ ಮತ್ತು ಅದಿತನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 304 ಸ್ಟೇನ್‌ಲೆಸ್ ಸ್ಟೀಲ್ ಟರ್ನಿಂಗ್‌ಗೆ ಕೊಬ್ಬರಿ ಎಣ್ಣೆ, ಸಾಲ್ಯುಬಲ್ ಆಯಿಲ್ ಮತ್ತು ಖನಿಜ ಎಣ್ಣೆ ಎರಡನ್ನೂ ಹಿಂದಿಕ್ಕಿತು. ಕೊಬ್ಬರಿ ಎಣ್ಣೆ ಬೇಗ ಹಳಸುವುದಿಲ್ಲ, ಆದರೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗಾವಿಯಲ್ಲಿ ಮೊದಲ ಶಿಫ್ಟ್‌ನವರು ಅದನ್ನು ಕರಗಿಸುತ್ತಾ ಕೂರಬೇಕಾಗುತ್ತದೆ. ಹರಳೆಣ್ಣೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ತೀರಾ ಮಂದ, ಮಂಜಾಗಿ ಒಡೆಯುವುದು ಕಷ್ಟ. ಹೊಂಗೆ ಎಣ್ಣೆ ತಿನ್ನುವ ಎಣ್ಣೆಯಲ್ಲವಾದ್ದರಿಂದ ಅಡುಗೆಮನೆಯ ಜೊತೆ ಅದಕ್ಕೆ ಪೈಪೋಟಿ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್‌ಗಳನ್ನು ಹೊಂಗೆ ಎಣ್ಣೆಯಿಂದ ಓಡಿಸಿ ತೋರಿಸಿದ ಮೇಲೆ ಅದರ ಮೇಲಿನ ಆಸಕ್ತಿ ರಾಜ್ಯದಲ್ಲಿ ಉಳಿದುಕೊಂಡಿದೆ, ಕಟಿಂಗ್ ಆಯಿಲ್ ಆಗಿಯೂ ಅದನ್ನು ಪರೀಕ್ಷಿಸುತ್ತಾರೆ. ಪ್ರಯೋಗಾಲಯದ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಗಾಣದಿಂದ ತಂದ ಎಣ್ಣೆಯನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಕೆಲವೇ ವಾರಗಳಲ್ಲಿ ಅದು ಗಾಳಿ ಹೀರಿ ಸ್ಲೈಡ್‌ಗಳ ಮೇಲೆ ಅಂಟಿನಂತೆ ಕೂರುತ್ತದೆ. ಎರಡು ಗಂಟೆಯ ಪ್ರಯೋಗದಲ್ಲಿ ಇದು ಕಾಣುವುದಿಲ್ಲ. ಮಂಜಿಗಾಗಿ ಮಾರುವ ಎಸ್ಟರ್ ಎಣ್ಣೆಗಳು ಇದೇ ವಂಶದವು, ರಾಸಾಯನಿಕವಾಗಿ ತಿದ್ದಿ ಹಳಸದಂತೆ ಮಾಡಿದಂಥವು. ಅವನ್ನೇ ಬಳಸಿ. ಕೈಯಿಂದ ಟ್ಯಾಪ್ ಹಾಕುವಾಗ ಬ್ರಷ್‌ನಲ್ಲಿ ಕೊಬ್ಬರಿ ಎಣ್ಣೆ ಹಚ್ಚುವವರಿಗೆ ನನ್ನ ತಕರಾರಿಲ್ಲ.

ಸಸ್ಯಜನ್ಯ ಎಂದ ಮಾತ್ರಕ್ಕೆ ಮಂಜನ್ನು ಉಸಿರಾಡಬಹುದು ಎಂದಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1998ರಲ್ಲಿ ಲೋಹಕೆಲಸದ ದ್ರವಗಳ ಮಂಜಿಗೆ ಶಿಫಾರಸು ಮಾಡಿದ ಮಿತಿ ಘನಮೀಟರ್ ಗಾಳಿಗೆ 0.5 ಮಿಲಿಗ್ರಾಂ. ತೆರೆದ ಯಂತ್ರದಲ್ಲಿ ಹೀರುಕೊಳವೆ ಇಲ್ಲದೆ ಮಂಜು ಊದುವುದು ಬೇಡ.

ದ್ರವ ಸಾರಜನಕ, ಇಂಗಾಲದ ಡೈಆಕ್ಸೈಡ್

ನೋಡಲು ಬೆರಗು. ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಜಾಬ್ ಮೇಲೆ ಏನೂ ಉಳಿಯುವುದಿಲ್ಲ, ತೊಳೆಯುವ ಕೆಲಸವಿಲ್ಲ. ಆದರೆ ಒಂದು ಲೀಟರ್ ದ್ರವ ಸಾರಜನಕ ಆವಿಯಾಗುವಾಗ ಹೀರುವ ಶಾಖ ಸುಮಾರು 160 ಕಿಲೋಜೂಲ್ ಮಾತ್ರ. ಒಂದು ಲೀಟರ್ ನೀರು ಆವಿಯಾದರೆ ಹೀರುವುದು 2,200ಕ್ಕೂ ಹೆಚ್ಚು. ಸಾರಜನಕದ ಬಲ ಇರುವುದು ಅದರ ಚಳಿಯಲ್ಲಿ, ಹೊರುವ ಶಕ್ತಿಯಲ್ಲಿ ಅಲ್ಲ. ಹಾಗಾಗಿ ಅದೂ ಸರಿಯಾಗಿ ಅಂಚಿಗೇ ಬೀಳಬೇಕು. ಜಾಬ್ ಮೇಲೆ ಬಿದ್ದರೆ ಕೆಡುಕೇ ಹೆಚ್ಚು: 100 ಮಿಲಿಮೀಟರ್‌ನ ಟೈಟಾನಿಯಂ 20 ಡಿಗ್ರಿ ತಣ್ಣಗಾದರೆ 17 ಮೈಕ್ರಾನ್ ಕುಗ್ಗುತ್ತದೆ, ಅಲ್ಯೂಮಿನಿಯಂ 47. ನಿಮ್ಮ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಎಷ್ಟು?

ನಿರ್ವಾತ ಕವಚದ ಕೊಳವೆಗಳು, ನಿರಂತರ ಪೂರೈಕೆ ಬೇಕು. ಒಂದು ಲೀಟರ್ ದ್ರವದಿಂದ ಸುಮಾರು 690 ಲೀಟರ್ ಅನಿಲ ಹೊರಡುವುದರಿಂದ ಮುಚ್ಚಿದ ಶೆಡ್‌ನಲ್ಲಿ ಆಮ್ಲಜನಕದ ಸಂವೇದಕ ಇರಲೇಬೇಕು. ಇಂಗಾಲದ ಡೈಆಕ್ಸೈಡನ್ನು ಸಾಮಾನ್ಯ ತಾಪಮಾನದಲ್ಲೇ ಸಿಲಿಂಡರಿನಲ್ಲಿ ಇಡಬಹುದು, ಮಂಜಿನ ಎಣ್ಣೆಯ ಜೊತೆಗೂ ಬಿಡಬಹುದು, ಆ ಮಟ್ಟಿಗೆ ಅದು ಸುಲಭ. ವರ್ಷವಿಡೀ ಟೈಟಾನಿಯಂ ರಫಿಂಗ್ ಮಾತ್ರ ಮಾಡುವ ದೊಡ್ಡ ಘಟಕಕ್ಕೆ, ಇಲ್ಲವೇ ಜಾಬ್ ಮೇಲೆ ಎಣ್ಣೆಯ ಕಲೆಯೇ ಇರಬಾರದು ಎಂಬ ವೈದ್ಯಕೀಯ ಇಂಪ್ಲಾಂಟ್ ತಯಾರಕರಿಗೆ ಇದನ್ನು ಯೋಚಿಸಬಹುದು. ಉಳಿದವರಿಗೆ ಈಗ ಬೇಡ.

ಗ್ರೈಂಡಿಂಗ್ ಮಾಡುವವರಿಗೆ

ಇವರ ಲೆಕ್ಕ ಬೇರೆ. ತಿರುಗುವ ಸಾಣೆ ಚಕ್ರದ ಸುತ್ತ ಗಾಳಿಯ ಪದರವೊಂದು ಅಂಟಿಕೊಂಡೇ ತಿರುಗುತ್ತದೆ, ನಿಧಾನದ ನೀರನ್ನು ಅದು ಆಚೆ ಎಸೆಯುತ್ತದೆ. ಧಾರೆಯ ವೇಗ ಚಕ್ರದ ಅಂಚಿನ ವೇಗಕ್ಕೆ ಸಮನಾಗಿರಬೇಕು. ಸೆಕೆಂಡಿಗೆ 30 ಮೀಟರ್ ಚಕ್ರಕ್ಕೆ 4.5 ಬಾರ್ ಸಾಕು, 60 ಮೀಟರಿಗೆ 18 ಬಾರ್. ಧಾರೆ ಚದುರದೆ ಹೋಗಲು ನಾಝಲ್‌ನ ಒಳಮೈ ನಯವಾಗಿ ಕಿರಿದಾಗುತ್ತಾ ಬರಬೇಕು. 1990ರ ದಶಕದಲ್ಲಿ ಜಾನ್ ವೆಬ್‌ಸ್ಟರ್ ಮತ್ತು ಸಂಗಡಿಗರು ಇದಕ್ಕೆ ಆರಿಸಿಕೊಂಡ ಆಕಾರ, 1950ರ ದಶಕದಲ್ಲಿ ಹಂಟರ್ ರೌಸ್ ತಂಡ ಅಗ್ನಿಶಾಮಕ ನಾಝಲ್‌ಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದದ್ದು. ತಾಮ್ರದ ಕೊಳವೆಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ನಾಝಲ್ ಎಂದು ಕರೆಯುವುದನ್ನು ನಿಲ್ಲಿಸಿದರೆ ಜಾಬ್ ಸುಡುವುದು ಬಹಳಷ್ಟು ಕಡಿಮೆಯಾಗುತ್ತದೆ.

ದುಡ್ಡಿನ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. 150 ರೂಪಾಯಿಯ ಒಂದು ಇನ್ಸರ್ಟ್ ಅಂಚಿನಲ್ಲಿ ಈಗ 5 ಜಾಬ್, ಅಧಿಕ ಒತ್ತಡದಲ್ಲಿ 12. ಜಾಬ್ ಒಂದಕ್ಕೆ ಉಳಿತಾಯ 17.50 ರೂಪಾಯಿ. ತಿಂಗಳಿಗೆ 400 ಜಾಬ್ ಎಂದರೆ 7,000. ವ್ಯವಸ್ಥೆಗೆ 4 ಲಕ್ಷ ಹಾಕಿದ್ದರೆ ಅದು ಮರಳಲು 57 ತಿಂಗಳು. ಯಾರೂ ಒಪ್ಪುವ ವ್ಯಾಪಾರವಲ್ಲ. ಈಗ ಟೂಲ್ ಬಾಳಿಕೆಯ ಒಂದಿಷ್ಟು ಪಾಲನ್ನೂ ಬಿಟ್ಟುಕೊಡದೆ ವೇಗ ಏರಿಸಿ, ಚಿಪ್ಸ್ ಎಳೆಯುವ ನಿಲುಗಡೆ ತಪ್ಪಿಸಿ, ಜಾಬ್‌ಗೆ 3 ನಿಮಿಷ ಉಳಿಸಿದಿರಿ ಎನ್ನಿ. ಯಂತ್ರದ ದರ ಗಂಟೆಗೆ 600 ಆದರೆ ಅದು ಇನ್ನೂ 30 ರೂಪಾಯಿ. ಒಟ್ಟು ತಿಂಗಳಿಗೆ 19,000, ಬಂಡವಾಳ 21 ತಿಂಗಳಲ್ಲಿ ವಾಪಸು. ಲಾಭ ಇರುವುದು ಸಮಯದಲ್ಲಿ. ಆರ್ಡರ್ ಸಾಕಷ್ಟಿಲ್ಲದೆ ಯಂತ್ರ ಖಾಲಿ ನಿಲ್ಲುತ್ತಿದ್ದರೆ ಆ 3 ನಿಮಿಷಕ್ಕೆ ಬೆಲೆಯೇ ಇಲ್ಲ, ಆಗ ನಾಝಲ್ ತಿರುಗಿಸಿ, ಆರ್‌ಓ ನೀರು ಹಾಕಿ ಕಾಯುವುದೇ ಸರಿ.

ಕೊಳ್ಳಲು ಹೊರಟವರು ಮಾರಾಟಗಾರರ ಪ್ರದರ್ಶನದ ತುಂಡಿನ ಮೇಲೆ ಅಲ್ಲ, ನಿಮ್ಮದೇ ಜಾಬ್ ಮೇಲೆ ಪ್ರಯೋಗ ಕೇಳಿ. ಹಳೆಯ ವ್ಯವಸ್ಥೆಯ ನಾಝಲ್, ಸಾಂದ್ರತೆ ಸರಿಪಡಿಸಿದ ಮೇಲೆಯೇ ಹೋಲಿಸಿ, ಇಲ್ಲದಿದ್ದರೆ ಹೊಸದು ಗೆದ್ದೇ ಗೆಲ್ಲುತ್ತದೆ. ಒಂದೇ ಬ್ಯಾಚ್‌ನ ಲೋಹದ ಸರಳು, ಒಂದೇ ಪೆಟ್ಟಿಗೆಯ ಇನ್ಸರ್ಟ್ ಎರಡೂ ಕಡೆ ಇರಲಿ. ಇನ್ಸರ್ಟ್‌ನ ಪಕ್ಕದ ಸವೆತ 0.3 ಮಿಲಿಮೀಟರ್ ಮುಟ್ಟುವವರೆಗೆ ಓಡಿಸಿ, ಕನಿಷ್ಠ ಮೂರು ಅಂಚುಗಳಲ್ಲಿ ಅದನ್ನೇ ಮಾಡಿ, ಪ್ರತಿ ಅಂಚಿಗೆ ಎಷ್ಟು ಜಾಬ್, ಪ್ರತಿ ಜಾಬ್‌ಗೆ ಎಷ್ಟು ನಿಮಿಷ ಎಂದು ನಿಮ್ಮ ಆಪರೇಟರ್ ಕೈಯಲ್ಲೇ ಬರೆಸಿಕೊಳ್ಳಿ.